ಅವ್ವನ ಹಾಡಿಗೆ ನಾವು ಮಾಡಿದ ತಿದ್ದುಪಡಿ

ಕಳೆದ ದೀಪಾವಳಿಗೆ ನಾವು ತೀರ್ಥಹಳ್ಳಿ ಸೀಮೆಯಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿ ನಾಲ್ಕು ದಿನ ಇದ್ದೆವು. ಅಕ್ಕನಿಗೆ ಈಗ ಎಪ್ಪತ್ತೆಂಟು ವರ್ಷ, ನಮಗೆ ಅರವತ್ತಾರು. ಅವಳ ಮೊಮ್ಮಗಳ ಮದುವೆ ಮಾಘಮಾಸಕ್ಕೆ ನಿಶ್ಚಯವಾಗಿತ್ತು. ಹುಡುಗಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವಳು. ಆದರೂ ಅವಳಿಗೊಂದು ಆಸೆ. ಹಸೆಯ ಮೇಲೆ ಕುಳಿತಾಗ ಧ್ವನಿವರ್ಧಕದ ಸಿನಿಮಾ ಹಾಡು ಬೇಡ, ಮುತ್ತಜ್ಜಿ ಹಾಡುತ್ತಿದ್ದ ಸೋಬಾನೆಯೇ ಬೇಕು ಎಂಬುದು. "ಚಿಕ್ಕಜ್ಜ, ನೀವು ಬರ್ಕೊಂಡಿದ್ದ ಪುಸ್ತಕ ಇದೆಯಂತಲ್ಲ, ಬರುವಾಗ ಅದನ್ನ ಮರೀಬೇಡಿ" ಎಂದು ಮೊದಲೇ ಫೋನಿನಲ್ಲಿ ಹೇಳಿದ್ದಳು.

ಪುಸ್ತಕ ಇತ್ತು. 1979ರ ಮಳೆಗಾಲದಲ್ಲಿ, ನಾವು ಇಪ್ಪತ್ತರ ಹರೆಯದಲ್ಲಿ ಮಠದಿಂದ ರಜೆಗೆ ಬಂದಿದ್ದಾಗ, ತಾಯಿಯವರನ್ನು ಎದುರಿಗೆ ಕೂರಿಸಿಕೊಂಡು ನಲವತ್ತೊಂದು ಹಾಡುಗಳನ್ನು ಬರೆದುಕೊಂಡಿದ್ದೆವು. ಅಕ್ಷರ ದುಂಡಗೆ, ಕಾಗುಣಿತ ಶುದ್ಧ. ತಾಯಿಯವರು ಲಿಂಗೈಕ್ಯರಾದ ಮೇಲೆ ಆ ಪುಸ್ತಕವನ್ನು ರೇಷ್ಮೆವಸ್ತ್ರದಲ್ಲಿ ಸುತ್ತಿಟ್ಟು, ನಾವು ಒಂದು ದೊಡ್ಡ ಕೆಲಸ ಮಾಡಿದ್ದೇವೆಂಬ ತೃಪ್ತಿಯಲ್ಲಿದ್ದೆವು. ಆ ತೃಪ್ತಿ ಹೇಗೆ ಕರಗಿತೆಂಬುದನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದೇ ಈ ಬರೆಹದ ಉದ್ದೇಶ.

ನಮ್ಮ ಮೂಲಗ್ರಾಮ ಹೊಸನಗರ ತಾಲ್ಲೂಕಿನದು, ಶರಾವತಿಯ ದಂಡೆಯದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಕಣಿವೆಗಳನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕುವ ಆ ಹೊಳೆ ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಹೆಣ್ಣು ಕೊಡುವುದು, ತರುವುದು, ಜಾತ್ರೆ, ಮಠದ ಸಂಬಂಧ ಎಲ್ಲವೂ ಆ ಹೊಳೆಯ ಜಾಡಿನಲ್ಲೇ ನಡೆಯುತ್ತಿದ್ದವು. ಮಾತೂ ಅದೇ ಜಾಡಿನಲ್ಲಿ ಹರಿಯುತ್ತಿತ್ತು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದಾಗ ನಮಗೆ ಐದು ವರ್ಷ. ಗದ್ದೆ, ತೋಟ, ಮನೆಗಳ ಮೇಲೆ ನೀರು ನಿಂತಿತು. ನಾವು ಶಿವಮೊಗ್ಗೆಯ ಆಚೆಯ ಬಯಲಿಗೆ ಬಂದು ನೆಲೆಸಿದೆವು. ಅಕ್ಕನನ್ನು ಅದಕ್ಕೆ ಮೊದಲೇ ತೀರ್ಥಹಳ್ಳಿಯ ಕಡೆಗೆ ಕೊಟ್ಟಿದ್ದುದರಿಂದ ಅವಳೊಬ್ಬಳು ಮಲೆನಾಡಿನಲ್ಲೇ ಉಳಿದಳು. ಈ ಮಾತನ್ನು ಈಗಲೇ ಹೇಳಲು ಕಾರಣವಿದೆ, ಮುಂದೆ ತಿಳಿಯುತ್ತದೆ.

ಹತ್ತನೆಯ ವಯಸ್ಸಿನಲ್ಲಿ ನಮ್ಮನ್ನು ಒಂದು ಮಠಕ್ಕೆ ವಿದ್ಯೆಗಾಗಿ ಬಿಟ್ಟರು. ಆ ಮಠದ ಅನ್ನ ಉಂಡು, ಅದರ ಚಾಪೆಯ ಮೇಲೆ ಮಲಗಿ ನಾಲ್ಕಕ್ಷರ ಕಲಿತೆವು. ಆ ಋಣ ತೀರುವಂಥದಲ್ಲ. ಆದರೆ ಮೊದಲ ತಿಂಗಳಿನ ಒಂದು ಸಂಗತಿ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿದೆ. ತಾಯಿಯವರು ನಮ್ಮನ್ನು ನೋಡಲು ಬಂದಿದ್ದರು. ನಾವು ಸಂತೋಷದಿಂದ ಪಾಠದ ಕೋಣೆಗೆ ಓಡಿಹೋಗಿ, "ಅವ್ವ ಬಂತು, ಹೊರಗೆ ಕೂತೈತೆ" ಎಂದೆವು. ಮಕ್ಕಳೆಲ್ಲ ನಕ್ಕರು. ಪಾಠ ಹೇಳುತ್ತಿದ್ದ ಗುರುಗಳು ನಗಲಿಲ್ಲ, ಗಂಭೀರವಾಗಿ, "ಬಂತು ಎನ್ನಲು ನಿನ್ನ ತಾಯಿ ದನವೋ, ಕರುವೋ? ತಾಯಿಯವರು ಬಂದರು ಎನ್ನು" ಎಂದರು. ಅಂದು ನಾವು ತಾಯಿಯವರ ಬಳಿ ಹೋಗಿ ಕುಳಿತಾಗ, ಅವರು ಆಡಿದ ಒಂದೊಂದು ಮಾತೂ ಯಾರ ಕಿವಿಗಾದರೂ ಬಿದ್ದೀತೆಂದು ಹೆದರುತ್ತ ಕುಳಿತಿದ್ದೆವು. ಅವರು ಬೇಗ ಹೊರಟುಹೋದರೆ ಸಾಕು ಎನಿಸಿತ್ತು. ಇದನ್ನು ಐವತ್ತಾರು ವರ್ಷಗಳಲ್ಲಿ ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ.

ಮಲೆನಾಡಿನ ಹಲವು ಸಮುದಾಯಗಳಲ್ಲಿ ಮನೆಯ ಹೆಣ್ಣುಮಕ್ಕಳನ್ನು ಕುರಿತು ಆಡುವಾಗ 'ಬಂತು', 'ಹೋಯ್ತು', 'ಹೇಳಿತ್ತು' ಎಂದೇ ರೂಢಿ. ಅದರಲ್ಲಿ ಅನಾದರವಿಲ್ಲ, ಹತ್ತಿರದವರಿಗೆ ಮಾತ್ರ ಸಲ್ಲುವ ಸಲಿಗೆ ಅದು. ನೆಂಟಸ್ತಿಕೆಯ ದೂರದ ಹೆಂಗಸಿಗೆ 'ಬಂದರು' ಎನ್ನುತ್ತಾರೆ, ಹೆತ್ತವಳಿಗೆ 'ಬಂತು' ಎನ್ನುತ್ತಾರೆ. ಹವ್ಯಕರ ಮಾತಿನಲ್ಲಿಯೂ ಹೀಗೆಯೇ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ತಮ್ಮ ಮನೆಮಾತಾದ ಹವ್ಯಕಕ್ಕೆ 1971ರಲ್ಲಿ ಒಂದು ವ್ಯಾಕರಣವನ್ನು ಪ್ರಕಟಿಸಿದರು. ಮನೆಮಾತಿಗೂ ವ್ಯಾಕರಣವಿದೆ, ಅದು ಶಿಷ್ಟಭಾಷೆ ಕೆಟ್ಟು ಆದದ್ದಲ್ಲ, ತನ್ನದೇ ಕಟ್ಟಳೆಯುಳ್ಳದ್ದು ಎಂಬುದು ಅಂಥ ಗ್ರಂಥಗಳಿಂದ ತಿಳಿಯುತ್ತದೆ. ನಾವು ಆ ಗ್ರಂಥದ ಹೆಸರು ಕೇಳುವ ವೇಳೆಗೆ ನಮ್ಮ ನಾಲಗೆ ತಿದ್ದಿಹೋಗಿತ್ತು.

ಇನ್ನು ಅಕ್ಕನ ಮನೆಯ ಸಂಗತಿ. ಬಲಿಪಾಡ್ಯಮಿಯ ರಾತ್ರಿ ಅಂಟಿಕೆ ಪಂಟಿಕೆಯವರು ಬಂದರು. ಬಯಲುಸೀಮೆಯ ಓದುಗರಿಗೆ ಇದು ಹೊಸದಾಗಿರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳ್ಳಿಗಳಲ್ಲಿ ದೀಪಾವಳಿಯ ರಾತ್ರಿಗಳಂದು ಗಂಡಸರ ಒಂದು ಗುಂಪು ಹಚ್ಚಿದ ದೀಪವನ್ನು ಹಿಡಿದು ಮನೆಯಿಂದ ಮನೆಗೆ, ಊರಿಂದ ಊರಿಗೆ ಹಾಡುತ್ತ ನಡೆಯುತ್ತದೆ. ಮುಂದಾಳುಗಳು ಒಂದು ಸಾಲು ಹೇಳಿದರೆ ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿಯೋ ಹಣವೋ ಕೊಟ್ಟು ಕಳುಹಿಸುತ್ತಾರೆ. ದಾರಿಯಲ್ಲಿ ದೀಪ ಆರಬಾರದು. ಬಾಗಿಲು ತೆಗೆಸುವುದಕ್ಕೊಂದು ಹಾಡು, ಎಣ್ಣೆ ಎರೆಸುವುದಕ್ಕೊಂದು, ಹರಸಿ ಹೊರಡುವುದಕ್ಕೊಂದು. ಇವನ್ನು ಕಟ್ಟಿದವರ ಅಂಕಿತವಿಲ್ಲ, ಊರಿಲ್ಲ, ಕಾಲವಿಲ್ಲ.

ಅಕ್ಕ ಮೊಣಕಾಲು ಹಿಡಿದುಕೊಂಡೇ ಎದ್ದು ಬಂದು ಜಗುಲಿಯಲ್ಲಿ ನಿಂತಳು. ಗುಂಪಿನಲ್ಲಿ ಏಳು ಜನ. ಹಾಡು ಬಲ್ಲವರು ಇಬ್ಬರೇ, ಅವರೂ ಮುದುಕರು. ಉಳಿದವರು ಸೊಲ್ಲನ್ನು ಎತ್ತಿಕೊಳ್ಳುತ್ತಿದ್ದರು. ಒಬ್ಬ ಹುಡುಗ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದ. ಹಿರಿಯ ಹಾಡುಗಾರ ಒಂದೆಡೆ ತಡೆದಾಗ ಅಕ್ಕ ಜಗುಲಿಯಿಂದಲೇ ಮುಂದಿನ ಮಾತನ್ನು ಎತ್ತಿಕೊಟ್ಟಳು. ಆತ ಹಾಡುತ್ತಲೇ ತಲೆಬಾಗಿ ಕೈಮುಗಿದ. ಅರವತ್ತು ವರ್ಷ ಗಂಡಸರ ಆ ಹಾಡನ್ನು ಬಾಗಿಲ ಹಿಂದೆ ನಿಂತು ಕೇಳಿದವಳಿಗೆ ಅದು ಪೂರ್ತಿ ಕಂಠಪಾಠವಾಗಿತ್ತು.

ಮರುದಿನ ನಮ್ಮ ಪುಸ್ತಕದ ಸರದಿ. ಮೊಮ್ಮಗಳು ಓದಿ, ಅಕ್ಕ ಹೇಳಿಕೊಟ್ಟ ಧಾಟಿಯಲ್ಲಿ ಹಾಡಲು ತೊಡಗಿದಳು. ಎರಡನೆಯ ನುಡಿಗೆ ನಿಂತಳು. "ಚಿಕ್ಕಜ್ಜ, ಇದು ಧಾಟಿಗೆ ಕೂರ್ತಾ ಇಲ್ಲ" ಎಂದಳು. ಅಕ್ಕ ಕಣ್ಣು ಕಿರಿದು ಮಾಡಿ ಕೇಳಿದಳು, ಇನ್ನೊಮ್ಮೆ ಓದಿಸಿದಳು. ಆಮೇಲೆ ನಮ್ಮ ಕಡೆ ತಿರುಗಿ, "ಎಂತ ತಮ್ಮಾ ಇದು? ಅವ್ವ ಹಿಂಗೆ ಎಲ್ಲಿ ಹಾಡ್ತಿತ್ತು? ಇದು ಅವ್ವನ ಹಾಡಲ್ಲ, ನಿನ್ನ ಹಾಡು" ಎಂದಳು.

ನಾವು ಪುಸ್ತಕವನ್ನು ತೆಗೆದುಕೊಂಡು ನೋಡಿದೆವು. ಅಲ್ಲಿ 'ಸೇತುವೆ' ಎಂದು ಬರೆದಿತ್ತು. ಅಕ್ಕ ಹೇಳಿದಳು, "ಸಂಕ". ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿಯನ್ನೋ ಅಡಕೆಮರವನ್ನೋ ಹಾಕಿ ಮಾಡಿದ ಕಾಲುದಾರಿಗೆ ಮಲೆನಾಡಿನಲ್ಲಿ ಸಂಕ ಎನ್ನುತ್ತಾರೆ. ಮಠದಲ್ಲಿ ಕೇಶಿರಾಜನ ಶಬ್ದಮಣಿದರ್ಪಣ ಓದಿ ಬಂದಿದ್ದ ತರುಣನಿಗೆ ಅದು ಗ್ರಾಮ್ಯವಾಗಿ ಕಂಡಿತ್ತು, ತಿದ್ದಿದ್ದೆವು. ಎರಡಕ್ಷರದ ಮಾತಿನ ಜಾಗದಲ್ಲಿ ಮೂರಕ್ಷರ ಬಂದು ಲಯ ಮುಗ್ಗರಿಸಿತ್ತು. ಹಾಡು ತ್ರಿಪದಿಯಲ್ಲಿತ್ತು, ಮುಂದಿನ ಸಾಲಿನ ಮೊದಲಿಗೆ 'ಬೆಂಕಿ' ಇತ್ತು. ಸಂಕಕ್ಕೂ ಬೆಂಕಿಗೂ ಇದ್ದ ಆದಿಪ್ರಾಸವನ್ನು ಛಂದಶ್ಶಾಸ್ತ್ರ ಓದಿದ್ದ ನಾವೇ ಮುರಿದಿದ್ದೆವು. ಅಕ್ಷರ ಬಾರದ ತಾಯಿಯವರು ಅದನ್ನು ತಪ್ಪದೆ ಹಾಡಿದ್ದರು.

ಅರ್ಥವೂ ಕೆಟ್ಟಿತ್ತು. ಆ ಹಾಡಿನಲ್ಲಿ ಮದುಮಗಳು ಮಳೆಗಾಲದಲ್ಲಿ ಗಂಡನ ಮನೆಗೆ ಹೋಗುವಾಗ ಸಂಕದ ಮೇಲೆ ಹೆಜ್ಜೆಯಿಡಲು ಅಂಜುತ್ತಾಳೆ. ಪಾಚಿ ಹಿಡಿದ ಸಂಕ ಜಾರುತ್ತದೆ, ಕೆಳಗೆ ಕೆಂಪು ನೀರು ಹರಿಯುತ್ತಿರುತ್ತದೆ, ಅಂಜಿಕೆ ಸಹಜ. ಕಲ್ಲುಗಾರೆಯ ಸೇತುವೆಯ ಮೇಲೆ ಯಾವ ಹೆಣ್ಣು ಅಂಜಿಯಾಳು?

ಅಂದು ಮಧ್ಯಾಹ್ನದಿಂದ ಸಂಜೆಯವರೆಗೆ ಒಂದೊಂದೇ ಹಾಡನ್ನು ಬಿಚ್ಚಿದೆವು. 'ಉಂಬಳ' ಇದ್ದಲ್ಲಿ 'ಜಿಗಣೆ' ಎಂದಿತ್ತು. 'ದರಗು' ಇದ್ದಲ್ಲಿ 'ಒಣಗಿದೆಲೆ'. 'ಗೊರಬು' ಇದ್ದಲ್ಲಿ 'ಛತ್ರಿ'. ಗದ್ದೆಯಲ್ಲಿ ಬಗ್ಗಿ ಸಸಿ ನೆಡುವ ಹೆಂಗಸು ಬೆನ್ನ ಮೇಲೆ ಗೊರಬು ಹಾಕಿಕೊಳ್ಳುತ್ತಾಳೆ, ಛತ್ರಿ ಹಿಡಿದು ನೆಟ್ಟಿ ಮಾಡಲಾದೀತೆ? 'ಬ್ಯಾಣ', 'ಹಾಡ್ಯ', 'ಕಾನು' ಮೂರಕ್ಕೂ ನಾವು 'ಕಾಡು' ಎಂದು ಒಂದೇ ಮಾತು ಹಾಕಿದ್ದೆವು. ಬ್ಯಾಣ ಎಂದರೆ ದನ ಮೇಯುವ ಹುಲ್ಲುಗಾವಲು, ಹಾಡ್ಯ ಎಂದರೆ ಊರ ಮಗ್ಗುಲಿನ ಕುರುಚಲು, ಕಾನು ಎಂದರೆ ಬಿಸಿಲು ನೆಲ ಮುಟ್ಟದ ದಟ್ಟಡವಿ. ದನ ಕಳೆದುಕೊಂಡ ಹುಡುಗಿಯೊಬ್ಬಳು ಮೊದಲು ಬ್ಯಾಣದಲ್ಲಿ, ಆಮೇಲೆ ಹಾಡ್ಯದಲ್ಲಿ, ಕೊನೆಗೆ ಕಾನಿನಲ್ಲಿ ಹುಡುಕುವ ಹಾಡು ಅದು. ಹೆಜ್ಜೆಹೆಜ್ಜೆಗೂ ಭಯ ಏರಬೇಕು. ನಮ್ಮ ಪುಸ್ತಕದಲ್ಲಿ ಅವಳು ಕಾಡಿನಲ್ಲಿ ಹುಡುಕಿ, ಕಾಡಿನಲ್ಲಿ ಹುಡುಕಿ, ಮತ್ತೆ ಕಾಡಿನಲ್ಲಿಯೇ ಹುಡುಕುತ್ತಿದ್ದಳು.

ಆ ರಾತ್ರಿ ನಿದ್ರೆ ಬರಲಿಲ್ಲ. ನಾವು ಯಾವ ಶಾಸ್ತ್ರದ ಹೆಸರಿನಲ್ಲಿ ತಿದ್ದಿದ್ದೆವೋ ಆ ಶಾಸ್ತ್ರವಾದರೂ ಹಾಗೆ ಹೇಳಿತ್ತೆ? ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ನಾವು ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಪಾಠ ಹೇಳಿದ್ದೇವೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೊಗಳುವ ಪದ್ಯವನ್ನು ಎಲ್ಲರೂ ಬಲ್ಲರು. ಅದೇ ಗ್ರಂಥದಲ್ಲಿ ಕನ್ನಡವನ್ನು ಬಹುವಚನದಲ್ಲಿ ಹೇಳಿ, ದೇಶ್ಯಗಳು ಬೇರೆ ಬೇರೆಯಾಗಿರುವುದರಿಂದ ಅವುಗಳಲ್ಲಿ ದೋಷ ಇಷ್ಟೆಂದು ನಿರ್ಣಯಿಸಲು ಸಾವಿರ ಹೆಡೆಯ ವಾಸುಕಿಗೂ ಬೇಸರವಾದೀತೆಂಬ ಅಭಿಪ್ರಾಯವೂ ಇದೆ. ಓದದವರೂ ಕಾವ್ಯಪ್ರಯೋಗದಲ್ಲಿ ನಿಪುಣರೆಂಬ ಮಾತೂ ಇದೆ. ವಾಸುಕಿ ಬೇಸರಪಟ್ಟ ಕೆಲಸವನ್ನು ಇಪ್ಪತ್ತು ವರ್ಷದ ನಾವು ಒಂದು ರಜೆಯಲ್ಲಿ ಮುಗಿಸಿದ್ದೆವು! ತ್ರಿಪದಿಯಾದರೂ ಪಂಡಿತರು ಹಳ್ಳಿಗೆ ಕೊಟ್ಟದ್ದಲ್ಲ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದು ಮೊದಲು ಕಾಣುತ್ತದೆ. ನಮ್ಮದೇ ಶಿವಮೊಗ್ಗ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿಯ ಯೋಗಾಂಗತ್ರಿವಿಧಿಯಲ್ಲಿದೆ, ಸರ್ವಜ್ಞನಲ್ಲಿದೆ, ಬೀಸುಕಲ್ಲಿನ ಮುಂದೆ ಕುಳಿತ ಎಲ್ಲ ತಾಯಂದಿರ ನಾಲಗೆಯಲ್ಲಿದೆ.

ಶರಣರ ವಿಷಯವನ್ನು ಹೇಳಬೇಕಾಗಿಯೇ ಇಲ್ಲ. ಸಂಸ್ಕೃತದಲ್ಲಿ ಬರೆಯುವ ಕಾಲದಲ್ಲಿ ಅವರು ಕಾಯಕದವರ ಮಾತಿನಲ್ಲಿ ನುಡಿದರು. ಫ. ಗು. ಹಳಕಟ್ಟಿಯವರು ವಕೀಲಿಯ ನಡುವೆ ಮನೆಮನೆ ಅಲೆದು ತಾಳೆಯೋಲೆಗಳನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅವರೇನಾದರೂ ನಮ್ಮಂತೆ ಆಡುಮಾತು ಕಂಡಲ್ಲೆಲ್ಲ ತಿದ್ದುತ್ತ ಕುಳಿತಿದ್ದರೆ ಇಂದು ನಮ್ಮ ಕೈಯಲ್ಲಿ ಏನು ಉಳಿಯುತ್ತಿತ್ತು? ಬಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು ಗೆಳೆತನದಿಂದ ಕೂಡಿ 1931ರಲ್ಲಿ ಗರತಿಯ ಹಾಡನ್ನು ಪ್ರಕಟಿಸಿದರು. ಹೆಣ್ಣುಮಕ್ಕಳ ಹಾಡೂ ಅಚ್ಚಿಗೆ ಯೋಗ್ಯವೆಂದು ತೋರಿಸಿಕೊಟ್ಟ ಆ ಪುಸ್ತಕ ನಾವಿದ್ದ ಮಠದ ಗ್ರಂಥಭಂಡಾರದಲ್ಲಿಯೇ ಇತ್ತು. ತೆರೆದು ನೋಡಿರಲಿಲ್ಲ.

ಇನ್ನೂ ನಾಚಿಕೆಯಾದದ್ದು ನಮ್ಮ ನೆರೆಯವರನ್ನೇ ನೆನೆದಾಗ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಪ್ರಕಟವಾದದ್ದು 1967ರಲ್ಲಿ. ಶ್ರೀರಾಮಾಯಣದರ್ಶನಂ ಬರೆದ ಅದೇ ಲೇಖನಿ ಆ ಕಾದಂಬರಿಯಲ್ಲಿ ಮಲೆನಾಡಿನ ಗೌಡರ, ಆಳುಗಳ, ಹೊಲೆಗೇರಿಯವರ ಮಾತನ್ನು ಅವರವರ ಬಾಯಲ್ಲಿದ್ದಂತೆಯೇ ಇಟ್ಟಿತು. ಅದೇ 1967ರಲ್ಲಿ ಅದೇ ತಾಲ್ಲೂಕಿನ ಹಾರೋಗದ್ದೆಯವರಾದ ಹಾ. ಮಾ. ನಾಯಕರು, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದಿ ಬಂದು, ಬರೆವ ಕನ್ನಡ ಮತ್ತು ಆಡುವ ಕನ್ನಡ ಎಂಬ ಎರಡು ಶೈಲಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಹೊರತಂದರು. ಎರಡನ್ನೂ ಭಾಷೆಯ ಎರಡು ರೀತಿಗಳೆಂದು ಸಮನಾಗಿ ಕಂಡು ವಿವರಿಸಿದ ಅಧ್ಯಯನ ಅದು. ಮುಂದೆ ಅವರು ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿ, ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಜಾನಪದಕ್ಕೂ ದುಡಿದರು. ಒಂದೇ ತಾಲ್ಲೂಕಿನಿಂದ ಒಂದೇ ವರ್ಷದಲ್ಲಿ ಕವಿಯೂ ವಿದ್ವಾಂಸನೂ ನಮ್ಮ ಅವ್ವನಂಥವರ ಮಾತಿಗೆ ಮಣೆ ಹಾಕಿದ್ದರು. ಹನ್ನೆರಡು ವರ್ಷದ ಮೇಲೂ, 1979ರಲ್ಲಿ, ನಾವು ಕೆಂಪುಶಾಯಿ ಹಿಡಿದು ಕುಳಿತಿದ್ದೆವು.

ಇದು ನಮ್ಮ ನಾಡಿನ ಸಂಗತಿ ಮಾತ್ರವಲ್ಲ. ಇಂಗ್ಲೆಂಡಿನ ಈಶಾನ್ಯದಲ್ಲಿ, ಟೈನ್ ಎಂಬ ಹೊಳೆಯ ದಂಡೆಯಲ್ಲಿ, ನ್ಯೂಕಾಸಲ್ ಎಂಬ ಊರಿದೆ. ಅಲ್ಲಿಯ ಕಲ್ಲಿದ್ದಲ ಗಣಿಯವರು, ದೋಣಿಯವರು ಆಡುತ್ತಿದ್ದ ಮಾತಿಗೆ ಜಾರ್ಡಿ ಎಂದು ಹೆಸರು. ಲಂಡನ್ನಿನವರಿಗೆ ಅದು ಕೇಳಿದರೆ ನಗು. ಆ ಮಾತಿನಲ್ಲೇ ಹಾಡು ಕಟ್ಟಿದ ಜಾರ್ಜ್ ರಿಡ್ಲಿ ಎಂಬಾತ ಬಾಲ್ಯದಲ್ಲೇ ಗಣಿಗಿಳಿದವನು. ಅಪಘಾತದಲ್ಲಿ ಮೈ ಮುರಿದ ಮೇಲೆ ಹಾಡಿನಿಂದ ಹೊಟ್ಟೆ ಹೊರೆದುಕೊಂಡ. ಅವನು 1862ರಲ್ಲಿ ಹಾಡಿದ 'ಬ್ಲೇಡನ್ ರೇಸಸ್' ಇಂದಿಗೂ ಆ ಸೀಮೆಯ ಮನೆಹಾಡು. ಎರಡೇ ವರ್ಷದಲ್ಲಿ, 1864ರಲ್ಲಿ, ಆತ ತೀರಿಕೊಂಡ. ಥಾಮಸ್ ಅಲನ್ ಎಂಬ ಪ್ರಕಾಶಕ ಅಂಥ ಹಾಡುಗಳನ್ನೂ ಹಾಡುಗಾರರ ಜೀವನವೃತ್ತಾಂತಗಳನ್ನೂ ಕೂಡಿಸಿ ಅಚ್ಚು ಹಾಕಿದ. ಆಲಿವರ್ ಹೆಸ್ಲಪ್ ಎಂಬ ಕಬ್ಬಿಣದ ವ್ಯಾಪಾರಿ ತನ್ನ ಸೀಮೆಯ ಮಾತುಗಳನ್ನು ಆರಿಸಿ ಎರಡು ಸಂಪುಟಗಳ ಕೋಶವನ್ನು 1892ರಿಂದ 1894ರವರೆಗೆ ಹೊರತಂದ. ನಮ್ಮ ಕಿಟ್ಟೆಲ್ ಪಾದ್ರಿಗಳ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದೂ 1894ರಲ್ಲಿಯೇ. ಇನ್ನು ಜೋಸೆಫ್ ರೈಟ್ ಎಂಬಾತ ಹದಿನೈದು ವರ್ಷದವರೆಗೆ ಅಕ್ಷರ ಬಾರದೆ ಉಣ್ಣೆಯ ಗಿರಣಿಯಲ್ಲಿ ದುಡಿದವನು. ಆಕ್ಸ್‌ಫರ್ಡಿನ ಪ್ರಾಧ್ಯಾಪಕನಾಗಿ 1898ರಿಂದ 1905ರ ಅವಧಿಯಲ್ಲಿ ಆರು ಸಂಪುಟಗಳ ಇಂಗ್ಲಿಷ್ ಉಪಭಾಷಾಕೋಶವನ್ನು ಸಂಪಾದಿಸಿದ. ವಿದ್ಯೆ ಬಂದ ಮೇಲೆ ಅವನು ತನ್ನ ಊರ ಮಾತನ್ನು ಮರೆಯಲಿಲ್ಲ. ಆ ವಿದ್ಯೆಯನ್ನು ಅಂಥ ಮಾತುಗಳ ಸೇವೆಗೇ ಮುಡಿಪಿಟ್ಟ. ನಾವು ವಿದ್ಯೆ ಬಂದೊಡನೆ ಮಾಡಿದ್ದು ತದ್ವಿರುದ್ಧ.

ಅಲ್ಲಿಯ ಹಾಡುಗಾರರಿಗೆ ಹೆಸರಿದೆ, ಚರಿತ್ರೆಯಿದೆ. ನಮ್ಮ ಸೋಬಾನೆ ಕಟ್ಟಿದ ತಾಯಿ ಯಾರು? ಕೆಳದಿಯ ಅರಸರ ಆಸ್ಥಾನದಲ್ಲಿ ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದ ಶಿವತತ್ತ್ವರತ್ನಾಕರವನ್ನು ಮುಗಿಸಿದ; ಲಿಂಗಣ್ಣಕವಿ ಕೆಳದಿನೃಪವಿಜಯವನ್ನು ಬರೆದ. ಅವು ಓಲೆಗೇರಿ ಉಳಿದವು. ಅದೇ ಇಕ್ಕೇರಿ, ಬಿದನೂರುಗಳ ಸುತ್ತ ಅದೇ ಕಾಲದಲ್ಲಿ ಭತ್ತ ಕುಟ್ಟುತ್ತ ಹಾಡಿದ ಹೆಂಗಸರ ಹಾಡು ಬಾಯಿಂದ ಬಾಯಿಗೆ ಬಂದು, ಬರೆಯಬಲ್ಲ ಮಗನ ಕೈಗೆ ಸಿಕ್ಕಿತು. ಆ ಮಗ ಅದನ್ನು ತಿದ್ದಿಬಿಟ್ಟ.

ಹಾಗಾದರೆ ತಾಯಿಯವರು ನಮ್ಮನ್ನು ತಡೆಯಲಿಲ್ಲವೆ? ಈ ಪ್ರಶ್ನೆಯನ್ನು ಮೊಮ್ಮಗಳು ಕೇಳಿದಳು. ಬರೆದು ಮುಗಿದ ಮೇಲೆ ನಾವು ಹಾಡುಗಳನ್ನು ಅವರಿಗೆ ಓದಿ ಹೇಳಿದ್ದೆವು. ಅವರು ಗೋಡೆಗೊರಗಿ ಕೇಳುತ್ತಿದ್ದರು. ಕೊನೆಗೆ, "ಚಂದ ಐತೆ ಮಗಾ. ನಂಗೆ ಹಿಂಗೆ ಬತ್ತಿರ್ಲಿಲ್ಲ" ಎಂದಿದ್ದರು. ಅದನ್ನು ನಾವು ಹೊಗಳಿಕೆಯೆಂದು ತಿಳಿದಿದ್ದೆವು. ಆ ಮಳೆಗಾಲದ ಮೇಲೆ ತಾಯಿಯವರು ನಮ್ಮ ಮುಂದೆ ಹಾಡಿದ್ದು ನೆನಪಿಲ್ಲ. ಮಗ ತಿದ್ದಿದ ಹಾಡು ಅವರಿಗೆ ಹಾಡಲು ಬರುತ್ತಿರಲಿಲ್ಲ. ತಮ್ಮ ಹಾಡನ್ನು ಹಾಡಲು ಸಂಕೋಚ ಹುಟ್ಟಿತ್ತು. ಪಾಠದ ಕೋಣೆಯಲ್ಲಿ ಗುರುಗಳು ನಮಗೆ ಮಾಡಿದ್ದನ್ನೇ ನಾವು ಹೆತ್ತವಳಿಗೆ ಮಾಡಿದ್ದೆವು.

ಅಕ್ಕ ಇದನ್ನು ಬೇರೆ ರೀತಿಯಾಗಿ ಕಂಡಳು. "ನಿಂದೊಬ್ಬಂದೇ ತಪ್ಪಲ್ಲ ತಮ್ಮಾ. ಬಯಲಿಗೆ ಹೋದ್ಮೇಲೆ ಅವ್ವಂಗೆ ಎದುರು ಹಾಡೋರು ಎಲ್ಲಿದ್ರು?" ಎಂದಳು. ಅದು ನಿಜ. ಸೋಬಾನೆಯನ್ನು ಒಬ್ಬಳೇ ಹಾಡುವುದಿಲ್ಲ. ಒಬ್ಬಳು ಎತ್ತಿದರೆ ಇನ್ನೊಬ್ಬಳು ಹಿಡಿಯಬೇಕು. ಮುಳುಗಡೆಯಲ್ಲಿ ಊರು ಚೆದರಿದಾಗ ಎತ್ತುವವಳು ಒಂದು ಕಡೆ, ಹಿಡಿಯುವವಳು ಇನ್ನೊಂದು ಕಡೆ ಆದರು. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜ ಅವರು ಮುಳುಗಡೆಯ ಬವಣೆಯನ್ನು ಕಾದಂಬರಿಗಳಲ್ಲಿ ಬರೆದರು. ಅವರ 'ದ್ವೀಪ' 2002ರಲ್ಲಿ ಚಲನಚಿತ್ರವೂ ಆಯಿತು. ಭೂಮಿಗೆ, ಮರಕ್ಕೆ ಸರ್ಕಾರ ಪರಿಹಾರದ ಲೆಕ್ಕ ಹಾಕಿತು. ಎದುರು ಹಾಡುವ ನೆರೆಯವಳು ಹೋದದ್ದಕ್ಕೆ ಲೆಕ್ಕದ ಕಾ​ಲಮ್ಮು ಇರಲಿಲ್ಲ. ಅದೇ ಹಿನ್ನೀರಿಗೆ ಸಿಗಂದೂರಿನ ಕಡೆ 2025ರ ಜುಲೈನಲ್ಲಿ ದೊಡ್ಡ ಸೇತುವೆ ತೆರೆದಿದೆ. ದ್ವೀಪದಂತಿದ್ದ ಊರುಗಳಿಗೆ ಅದರಿಂದ ಮಹದುಪಕಾರವಾಗಿದೆ. ಸೇತುವೆ ಬೇಕು. ಆದರೆ ಸಂಕ ಎಂಬ ಮಾತು ಅದಕ್ಕಾಗಿ ಸಾಯಬೇಕಾಗಿಲ್ಲ.

ಉಳಿದ ದಿನಗಳಲ್ಲಿ ಅಕ್ಕ ಹೇಳಿದಳು, ಮೊಮ್ಮಗಳು ಮೊಬೈಲಿನಲ್ಲಿ ಧ್ವನಿ ಹಿಡಿದಳು, ನಾವು ಪುಸ್ತಕದ ಅಂಚಿನಲ್ಲಿ ಹಸುರುಶಾಯಿಯಿಂದ ತಾಯಿಯವರ ಮಾತುಗಳನ್ನು ಮರಳಿ ಬರೆದೆವು. ನಲವತ್ತೊಂದರಲ್ಲಿ ಇಪ್ಪತ್ತಾರು ಹಾಡು ಪೂರ್ತಿ ಸರಿಹೋದವು. ಹದಿನಾಲ್ಕು ಹಾಡು ಅಕ್ಕನಿಗೂ ಬರುತ್ತಿರಲಿಲ್ಲ. ಅವಳ ಮದುವೆಯ ಅನಂತರ ತಾಯಿಯವರು ಕಲಿತವೋ ಕಟ್ಟಿದವೋ ಇರಬೇಕು. ಅವು ನಮ್ಮ ತಿದ್ದುಪಡಿಯೊಡನೆಯೇ ಉಳಿಯಬೇಕು.

ಒಂದು ಹಾಡು ಮಾತ್ರ ಬಾಗಿಲಲ್ಲಿ ನಿಂತಿದೆ. ಅದರಲ್ಲಿ ಹೆಣ್ಣೊಬ್ಬಳು ನಸುಕಿನಲ್ಲಿ ಹೂ ಕೊಯ್ದು ತಂದು ಶಿವನಿಗೆ ಏರಿಸುತ್ತಾಳೆ. ನಮ್ಮ ಪುಸ್ತಕದಲ್ಲಿ ಮೂರನೆಯ ಸಾಲಿನ ಮೊದಲಿಗೆ 'ಪುಷ್ಪ' ಎಂದಿದೆ. ತಾಯಿಯವರು 'ಪುಷ್ಪ' ಎಂದಿರುವುದಿಲ್ಲ. ಅವರ ಬಾಯಲ್ಲಿ ಆ ಮಾತೇ ಇರಲಿಲ್ಲ. ಹಾಗಾದರೆ ಯಾವ ಹೂವು? ಅಕ್ಕನಿಗೆ ಧಾಟಿ ನೆನಪಿದೆ, ಹೂವು ನೆನಪಿಲ್ಲ. ನಾವು ಪ್ರಾಸ ಹಿಡಿದು ಹುಡುಕಿದೆವು. ಮೊದಲ ಸಾಲು 'ಹಾದಿ' ಎಂದು, ಎರಡನೆಯದು 'ಬೀದಿ' ಎಂದು ತೊಡಗುತ್ತದೆ. ಮೊದಲಕ್ಷರ ದೀರ್ಘ, ಎರಡನೆಯದು ದಕಾರ. ಮಲ್ಲಿಗೆಯಲ್ಲ, ಸಂಪಿಗೆಯಲ್ಲ, ಜಾಜಿಯಲ್ಲ. "ಕೇದಗೆ" ಎಂದಳು ಮೊಮ್ಮಗಳು ಥಟ್ಟನೆ.

ಕೇದಗೆ ಸರಿಯಾಗಿ ಕೂರುತ್ತದೆ. ನಮ್ಮ ಮುಳುಗಿದ ಮನೆಯ ಕೆಳಗೆ ಹೊಳೆಯ ಬದಿಯಲ್ಲಿ ಕೇದಗೆಯ ಹಿಂಡಲು ಇತ್ತೆಂದು ಅಕ್ಕ ಹೇಳಿದಳು. ಆದರೆ ಕೇದಗೆ ಶಿವಪೂಜೆಗೆ ಸಲ್ಲದ ಹೂವು. ಸುಳ್ಳು ಸಾಕ್ಷಿ ಹೇಳಿ ಶಿವನ ಶಾಪಕ್ಕೆ ಗುರಿಯಾದದ್ದೆಂದು ಪುರಾಣವಿದೆ. ಆ ಪುರಾಣವನ್ನು ನಾವು ಮಠದಲ್ಲಿ ಓದಿ ಬಂದದ್ದೂ ಅದೇ ವರ್ಷ. ನಮಗೆ ಒಳಗೇ ಕುಟುಕಿತು. ಉಳಿದ ಮಾತುಗಳನ್ನು ಗ್ರಾಮ್ಯವೆಂದು ತಿದ್ದಿದ್ದೆವು. ಇದೊಂದನ್ನು ನಿಷಿದ್ಧವೆಂದು ತಿದ್ದಿದೆವೆ? ಎಲ್ಲರೂ ದೂರವಿಟ್ಟ ಹೂವನ್ನು ತಾಯಿಯವರು ತಮ್ಮ ಹಾಡಿನಲ್ಲಿ ಕರೆದುಕೊಂಡು ಬಂದು ಶಿವನ ಮುಂದೆ ಇಟ್ಟಿದ್ದರೆ? ನಾವು ಅದನ್ನು ಅಲ್ಲಿಂದಲೂ ಹೊರಗೆ ಹಾಕಿದೆವೆ?

ಇದ್ದೀತು ಎನಿಸುತ್ತದೆ. ಎನಿಸುವುದು ಸಾಕ್ಷಿಯಲ್ಲ. ಕೇದಗೆ ಎಂದು ಬರೆದುಬಿಡೋಣವೆಂದು ಮೊಮ್ಮಗಳು ಒತ್ತಾಯಿಸಿದಳು. ನಾವು ಒಪ್ಪಲಿಲ್ಲ. ಒಮ್ಮೆ ನಮ್ಮ ಬುದ್ಧಿಯಿಂದ ಅವರ ಮಾತನ್ನು ತೆಗೆದಿದ್ದೇವೆ. ಈಗ ನಮ್ಮ ಬುದ್ಧಿಯಿಂದಲೇ ಒಂದು ಮಾತನ್ನು ಇಡುವುದೂ ತಿದ್ದುಪಡಿಯೇ ಆಗುತ್ತದೆ. 'ಪುಷ್ಪ'ವನ್ನು ಹೊಡೆದುಹಾಕಿ ಆ ಜಾಗವನ್ನು ಖಾಲಿ ಬಿಟ್ಟೆವು.

ಮಾಘದಲ್ಲಿ ಮದುವೆ ಆಯಿತು. ಅಕ್ಕನೂ ಅವಳ ವಾರಗಿತ್ತಿಯೂ ಹಸೆಯ ಪಕ್ಕದಲ್ಲಿ ಕುಳಿತು ಹಾಡಿದರು. ಒಬ್ಬಳು ಎತ್ತಿದಳು, ಒಬ್ಬಳು ಹಿಡಿದಳು. ಬೆಂಗಳೂರಿನಿಂದ ಬಂದಿದ್ದ ಹುಡುಗಿಯರು 'ಸಂಕ' ಎಂದರೇನೆಂದು ಕೇಳಿ ತಿಳಿದುಕೊಂಡರು. ಕಡೆಗೆ ಹೂವಿನ ಹಾಡು ಬಂತು. ಮೂರನೆಯ ಸಾಲಿಗೆ ಬಂದಾಗ ಅಕ್ಕ ಮಾತನ್ನು ಬಿಟ್ಟು ಧಾಟಿಯನ್ನಷ್ಟೇ ಗುನುಗಿ ಮುಂದೆ ಹೋದಳು. ಯಾರಿಗೂ ಕೊರತೆ ಕಾಣಲಿಲ್ಲ. ನಮಗೆ ಮಾತ್ರ ಕಂಡಿತು.

ಪ್ರಿಯ ಬಂಧುಗಳೇ, ನಿಮ್ಮ ಮನೆಗಳಲ್ಲಿ ಎಪ್ಪತ್ತು ದಾಟಿದ ತಾಯಿ, ಅಜ್ಜಿ, ಸೋದರತ್ತೆಯರಿದ್ದರೆ ಈ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅವರ ಬಳಿ ಕುಳಿತುಕೊಳ್ಳಿ. ಹಾಡಿಸಿ, ಧ್ವನಿ ಹಿಡಿದಿಡಿ, ಬರೆದುಕೊಳ್ಳಿ. ತಿಳಿಯದ ಮಾತು ಬಂದರೆ ಅರ್ಥ ಕೇಳಿ ಬದಿಯಲ್ಲಿ ಬರೆಯಿರಿ, ಮಾತನ್ನು ಮಾತ್ರ ಮುಟ್ಟಬೇಡಿ. ಓದಿ ಹೇಳುವಾಗ ಅವರ ಮುಖವನ್ನು ನೋಡಿ. ಅವರು "ಚಂದ ಐತೆ" ಎಂದು ಸುಮ್ಮನಾದರೆ ನೀವು ಎಲ್ಲೋ ತಪ್ಪಿದ್ದೀರಿ. ನಿಮ್ಮೊಡನೆ ದನಿಗೂಡಿಸಿ ಹಾಡಿದರೆ ಸರಿಯಾಗಿ ಬರೆದಿದ್ದೀರಿ.

ಪುಸ್ತಕದ ಮೊದಲ ಪುಟದಲ್ಲಿ 1979ರಲ್ಲಿ ನಾವು 'ಮಾತೃಶ್ರೀಯವರು ಹಾಡಿದ ಗೀತೆಗಳು' ಎಂದು ಬರೆದಿದ್ದೆವು. ಮೊನ್ನೆ ಅದರ ಕೆಳಗೆ ಹಸುರುಶಾಯಿಯಿಂದ ಇನ್ನೊಂದು ಸಾಲು ಸೇರಿಸಿದೆವು: ಅವ್ವ ಹಾಡಿತ್ತು.